ನನ್ನನ್ನು ತಾಳಿಕೋ: ನೀರು ಬರುವ ಬೆಳಗಿನ ಒಂದು ಪ್ರಕರಣ

ಗುರುವಾರ ಬೆಳಗ್ಗೆ 6:20ಕ್ಕೆ ನಲ್ಲಿಯಲ್ಲಿ ನೀರು ಬಂತು. ಬಂದರೆ ಹೆಚ್ಚೆಂದರೆ ಒಂದು ಗಂಟೆ. ಅಷ್ಟರೊಳಗೆ ಸಂಪು ತುಂಬಬೇಕು, ಮೇಲಿನ ಟ್ಯಾಂಕಿಗೆ ಮೋಟರ್ ಹಾಕಬೇಕು, ಕುಡಿಯೋಕೆ ಎರಡು ಕೊಡ, ಬಳಸೋಕೆ ಒಂದು ಡ್ರಮ್ಮು ಬೇರೆ ಹಿಡಿಯಬೇಕು. ಒಲೆಯ ಮೇಲೆ ಹಾಲು. ಒಂಬತ್ತು ವರ್ಷದ ಮಗನಿಗೆ ಒಂದು ಕಾಲಿನ ಸಾಕ್ಸ್ ಸಿಕ್ಕಿಲ್ಲ. ಗಂಡ ಪೇಪರಿನ ಹಿಂದಿನಿಂದ "ಟೀ ಆತಾ?" ಅಂದ. ನಡುಮನೆಯ ಮಂಚದ ಮೇಲೆ ಕುಳಿತ ಅತ್ತೆ ಹನ್ನೊಂದನೇ ಸಲ ಕೇಳಿದರು: "ಇವತ್ತು ಐತವಾರನಾ? ಪೂಜೆಗೆ ಹೊತ್ತಾತೇನು?"

ಹಾಲು ಉಕ್ಕಿತು. ಸೊಸೆ ಕೈಲಿದ್ದ ಚೊಂಬನ್ನು ಕಟ್ಟೆಗೆ ಕುಕ್ಕಿ, "ಸತ್ತ ಮೇಲೆ ಹೋಗೀರಂತೆ, ಸುಮ್ನೆ ಕೂಡ್ರಿ" ಅಂದಳು.

ಅತ್ತೆ ಸುಮ್ಮನಾದರು. ನಾಲ್ಕು ನಿಮಿಷದ ಮೇಲೆ ಅದೇ ಪ್ರಶ್ನೆ ಮತ್ತೆ ಬಂತು. ಬೈಸಿಕೊಂಡದ್ದು ಅವರಿಗೆ ನೆನಪಿರಲಿಲ್ಲ. ಸಂಜೆ ಜಪಸರದ (ರೋಜರಿ) ಪ್ರಾರ್ಥನೆಗೆ ಎಲ್ಲರೂ ಕುಳಿತಾಗ ಇನ್ನೊಮ್ಮೆ ಬಂತು. ಈ ಸಲ ಉತ್ತರ ಕೊಟ್ಟವನು ಮಗ. ಅದೇ ವಾಕ್ಯ, ಅದೇ ದನಿ, "ಕೂಡ್ರಿ" ಅನ್ನುವಲ್ಲಿನ ಎಳೆತವೂ ಅದೇ. ಆಕೆ ನಮ್ಮಲ್ಲಿ ಸಹಾಯ ಕೇಳಿದ್ದು ಬೆಳಗಿನ ತನ್ನ ಮಾತಿಗಾಗಿ ಅಲ್ಲ, ಸಂಜೆ ಅದು ಮಗನ ಬಾಯಲ್ಲಿ ಕೇಳಿಸಿದ್ದಕ್ಕಾಗಿ.

ಇದು ಒಂದು ಮಾದರಿ ಪ್ರಕರಣ. ಒಂದೇ ಬಗೆಯ ಮನೆಗಳ ವಿವರಗಳನ್ನು ಕೂಡಿಸಿ ಕಟ್ಟಿದ್ದು. ಆದ್ದರಿಂದ ಹೆಸರು, ಬೀದಿ, ಚರ್ಚು ಯಾವುದೂ ಇಲ್ಲ. ಇಲ್ಲಿನ ಲೆಕ್ಕಗಳು ವಿಧಾನವನ್ನು ತೋರಿಸಲಿಕ್ಕೆ ಮಾತ್ರ.

ಮನೆಯೊಳಗಿನವರು

ದಾವಣಗೆರೆಯ ಹಳೆಯ ಬಡಾವಣೆ, ಐದು ಜನ. ಆಕೆಗೆ 38. ತವರು ಧಾರವಾಡದ ಕಡೆಯ ಸಿಎಸ್‌ಐ (ಪ್ರೊಟೆಸ್ಟಂಟ್ ಸಭೆಯ) ಮನೆತನ. ಗಂಡನ ಮನೆ ಕಥೋಲಿಕರದು, ಸೆಪ್ಟೆಂಬರ್ 8ರ ಹರಿಹರದ ಆರೋಗ್ಯ ಮಾತೆಯ ಹಬ್ಬವನ್ನು ತಪ್ಪಿಸಿದವರಲ್ಲ. ಮಾವ ಹತ್ತಿ ಮಿಲ್ಲಿನಲ್ಲಿ ದುಡಿದು ತೀರಿಕೊಂಡವರು. ಗಂಡನಿಗೆ 43, ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಮಂಡಿಯಲ್ಲಿ ಗುಮಾಸ್ತ. ಅತ್ತೆಗೆ 76, ಎರಡು ವರ್ಷದಿಂದ ಮರೆವು, ಜೊತೆಗೆ ಸಕ್ಕರೆ ಕಾಯಿಲೆ. ಮಗಳಿಗೆ 14. ಸೊಸೆ ಖಾಸಗಿ ಕ್ಲಿನಿಕ್ ಒಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾಳೆ, 8:30ಕ್ಕೆ ಅಲ್ಲಿರಬೇಕು.

ಆಕೆ ತನ್ನ ಬಗ್ಗೆ ಹೇಳಿಕೊಂಡ ಮೊದಲ ಮಾತು, "ನನಗೆ ತಾಳ್ಮೆನೇ ಇಲ್ಲ." ಇದನ್ನು ಪರೀಕ್ಷಿಸದೆ ಒಪ್ಪಿಕೊಂಡರೆ ಇಡೀ ಪ್ರಕರಣ ಹಾದಿ ತಪ್ಪುತ್ತದೆ. ಕೌಂಟರಿನಲ್ಲಿ ದಿನಕ್ಕೆ ಎಂಟು ಗಂಟೆ ಜನ ಕೂಗುತ್ತಾರೆ: ಚಿಲ್ಲರೆ ಇಲ್ಲ, ಟೋಕನ್ ಹಿಂದುಮುಂದಾಯಿತು, ಡಾಕ್ಟರು ಎಲ್ಲಿ. ಅಲ್ಲಿ ಆಕೆ ಒಂದೇ ಉತ್ತರವನ್ನು ಇಪ್ಪತ್ತು ಸಲ ಅದೇ ದನಿಯಲ್ಲಿ ಹೇಳುತ್ತಾಳೆ. ಹಾಗಾದರೆ ತಾಳ್ಮೆ ಇದೆ. ಮನೆಯ ಹೊಸಿಲು ದಾಟಿದ ಕೂಡಲೇ ಅದು ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ.

ಸಂಬಳ, ಮೇಲಧಿಕಾರಿಯ ಕಣ್ಣು ಎಂದು ಸುಲಭವಾಗಿ ಹೇಳಬಹುದು. ಅದೂ ನಿಜವೇ, ಆದರೆ ಅಷ್ಟೇ ಅಲ್ಲ. ಕೌಂಟರಿಗೆ ಬಂದ ಅಪರಿಚಿತ ಆಕೆಗೆ ಏನನ್ನೂ ಕೊಡಬೇಕಾಗಿಲ್ಲ. ಮನೆಯವರು ಕೊಡಬೇಕು. ಗಂಡ ಪೈಪು ಹಿಡಿಯಬೇಕು, ಮಗ ಸಾಕ್ಸ್ ಇಟ್ಟುಕೊಳ್ಳಬೇಕು, ಅತ್ತೆ ಐದು ನಿಮಿಷ ಸುಮ್ಮನಿರಬೇಕು. ಕೊಡದಿದ್ದರೆ ಬಾಕಿ ಬೀಳುತ್ತದೆ. ಬಾಕಿ ಸೇರುತ್ತ ಹೋಗಿ, ವಸೂಲಿಗೆ ಅತ್ಯಂತ ಸುಲಭವಾದ ಮನುಷ್ಯ ಯಾರೋ ಅವರ ಮೇಲೆ ಹರಿಯುತ್ತದೆ. ಗಂಡನ ಬಾಕಿಯನ್ನು ಅತ್ತೆ ತೀರಿಸಿದರು.

ಎರಡು ಮನೆಯ ಎರಡು ಪದ

ತವರಲ್ಲಿ ಆಕೆ ಕೇಳಿ ಬೆಳೆದ ಪದ 'ಕೃಪೆ'. ಗಂಡನ ಮನೆಯಲ್ಲಿ ದಿನವೂ ಜಪಸರದಲ್ಲಿ ಹೇಳುವುದು 'ವರಪ್ರಸಾದ'. ಎರಡೂ ಒಂದೇ ಗ್ರೀಕ್ ಪದದ ಕನ್ನಡ, ಸಂಪಾದಿಸದೆ ಸಿಗುವ ದಾನ ಎಂಬ ಅರ್ಥದ್ದು. ಲಿಂಗಾಯತರ ನಡುವೆ ಬದುಕುವ ಈ ಊರಿನ ಕ್ರೈಸ್ತನಿಗೆ ಎರಡನೆಯ ಪದದ ರುಚಿ ಬೇಗ ಸಿಗುತ್ತದೆ: ಪ್ರಸಾದ ಅವರ ಅಷ್ಟಾವರಣಗಳಲ್ಲಿ, ಅಂದರೆ ಭಕ್ತನನ್ನು ಕಾಯುವ ಎಂಟರಲ್ಲಿ ಒಂದು, ಅದನ್ನು ಕೈಯೊಡ್ಡಿ ಪಡೆಯುತ್ತಾರೆ, ಕೂಲಿಯಾಗಿ ಕೇಳುವುದಿಲ್ಲ. ಆದರೂ ಎರಡೂ ಮನೆಯ ಪದಗಳು ಆಕೆಯ ಬಾಯಲ್ಲಿ ಒಂದೇ ಪ್ರಾರ್ಥನೆಯಾಗಿದ್ದವು: "ದೇವರೇ, ತಾಳ್ಮೆ ಕೊಡು." ಹತ್ತು ವರ್ಷದಿಂದ ಇದೇ ಪ್ರಾರ್ಥನೆ, ಪಾದ್ರಿಯ ಮುಂದೆ ಪಾಪನಿವೇದನೆಯಲ್ಲಿ ಹೇಳಿಕೊಳ್ಳುವುದೂ ಪ್ರತಿಸಲ ಅದೇ: "ಕೋಪ ಮಾಡಿಕೊಂಡೆ."

ಕನ್ನಡ ಬೈಬಲಿನಲ್ಲಿ ತಾಳ್ಮೆಗೆ ಇನ್ನೊಂದು ಪದವಿದೆ, ದೀರ್ಘಶಾಂತಿ. ಗಲಾತ್ಯದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲಗಳ ಸಾಲಿನಲ್ಲಿ ಬರುವುದು ಇದೇ. ಹಿಂದಿರುವ ಗ್ರೀಕ್ ಪದ ಮಕ್ರೊಥುಮಿಯ: ಮಕ್ರೋಸ್ ಎಂದರೆ ಉದ್ದ, ಥುಮೋಸ್ ಎಂದರೆ ಕಾವೇರುವ ಸಿಟ್ಟು. ಹೀಬ್ರೂ ಇನ್ನೂ ಮಜವಾಗಿದೆ. ವಿಮೋಚನಕಾಂಡ 34:6ರಲ್ಲಿ ದೇವರು ತನ್ನನ್ನು ಕೋಪಕ್ಕೆ ನಿಧಾನಿ ಎಂದು ಹೇಳಿಕೊಳ್ಳುವಾಗ ಅಲ್ಲಿರುವ ಮಾತಿನ ಅಕ್ಷರಾರ್ಥ 'ಉದ್ದ ಮೂಗಿನವನು'. ಮೂಗಿನ ತುದಿಯಲ್ಲೇ ಸಿಟ್ಟು ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೂಗು ಉದ್ದವಿದ್ದರೆ ಸಿಟ್ಟು ತುದಿಗೆ ಬರುವಷ್ಟರಲ್ಲಿ ಹೊತ್ತಾಗುತ್ತದೆ. ಮುಖ್ಯವಾದದ್ದು, ಇಲ್ಲಿ ತಾಳ್ಮೆ ಮೊದಲು ದೇವರ ಗುಣ. ಮನುಷ್ಯನದು ಆಮೇಲೆ.

ಮತ್ತಾಯ 18ರಲ್ಲಿ ಯೇಸು ಹೇಳುವ ಸಾಲಗಾರರ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ಗಂಡನ ಎದುರಿಗೇ, ಮಂಡಿಯ ಲೆಕ್ಕದಲ್ಲಿ ಬಿಡಿಸಿದ್ದು ಈ ಪ್ರಕರಣದ ತಿರುವು. ಮೊದಲ ಆಳು ರಾಜನಿಗೆ ಕೊಡಬೇಕಾದ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ಕೂಲಿ. ಒಂದು ದಿನವೂ ರಜೆ ಹಾಕದೆ ದುಡಿದರೆ ಒಂದು ಲಕ್ಷದ ಅರವತ್ನಾಲ್ಕು ಸಾವಿರ ವರ್ಷ. ಎರಡನೆಯವನು ಈ ಆಳಿಗೆ ಕೊಡಬೇಕಾದ ಸಾಲ ನೂರು ದಿನಾರಿ. ಇದನ್ನು ಪುಡಿಗಾಸು ಎಂದು ಬೋಧಿಸುವುದು ರೂಢಿ, ಅದು ಸರಿಯಲ್ಲ. ನೂರು ದಿನದ ಕೂಲಿ ಎಂದರೆ ಹಮಾಲನ ಮನೆಯಲ್ಲಿ ಮೂರು ತಿಂಗಳ ಅನ್ನ. ಅದು ನಿಜವಾದ ಸಾಲ. ಗಂಡ ಪೈಪು ಹಿಡಿಯದಿರುವುದೂ ನಿಜವಾದ ಬಾಕಿಯೇ. "ಅದೆಲ್ಲ ಸಣ್ಣದು, ಬಿಟ್ಟುಬಿಡು" ಎನ್ನುವುದು ಸುಳ್ಳು ಉಪದೇಶ.

ಇಬ್ಬರು ಸಾಲಗಾರರೂ ಕಾಲಿಗೆ ಬಿದ್ದು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: ನನ್ನನ್ನು ತಾಳಿಕೋ, ತೀರಿಸುತ್ತೇನೆ. ಗ್ರೀಕಿನಲ್ಲಿ ಅಲ್ಲಿರುವುದು ಮಕ್ರೊಥುಮಿಯದ್ದೇ ಕ್ರಿಯಾಪದ. ಮೊದಲನೆಯವನು ಕೇಳಿದ್ದು ವಾಯಿದೆ, ಸಿಕ್ಕಿದ್ದು ಮನ್ನಾ. ಆಮೇಲೆ ಹೊರಗೆ ಬಂದು, ತಾನು ಆಡಿದ ಮಾತನ್ನೇ ಇನ್ನೊಬ್ಬನ ಬಾಯಲ್ಲಿ ಕೇಳಿಯೂ ಗುರುತು ಹಿಡಿಯಲಿಲ್ಲ. ಗಂಡ ಇಲ್ಲಿ ಒಂದು ಮಾತು ಸೇರಿಸಿದ, ಮಂಡಿಯವರೇ ಹೇಳಬಹುದಾದ ಮಾತು: "ಅವ್ನು ಮನ್ನಾ ಆದದ್ದನ್ನ ಖಾತೇಲಿ ಹತ್ತಿಸ್ಕೊಂಡಿಲ್ಲ. ಅವ್ನ ಲೆಕ್ಕದಾಗ ಇನ್ನೂ ಬಾಕಿ ಐತಿ, ಅದಕ್ಕೇ ಇನ್ನೊಬ್ಬನ ಕುತ್ತಿಗಿಗೆ ಕೈ ಹಾಕ್ದ."

ಅಲ್ಲಿಂದ ಆಕೆಯ ಪ್ರಾರ್ಥನೆ ಬದಲಾಯಿತು. "ತಾಳ್ಮೆ ಕೊಡು" ಬಿಟ್ಟು "ಯೇಸುವೇ, ನನ್ನನ್ನು ತಾಳಿಕೋ." ನೋಡಲು ಒಂದು ಪದದ ವ್ಯತ್ಯಾಸ. ಮೊದಲನೆಯದನ್ನು ಕೇಳುವಾಗ ಆಕೆ ಸಾಲ ಕೊಟ್ಟವಳ ಜಾಗದಲ್ಲಿ ನಿಂತು, ಇವರನ್ನೆಲ್ಲ ಸಹಿಸುವ ಶಕ್ತಿಯನ್ನು ಬೇಡುತ್ತಿದ್ದಳು. ಎರಡನೆಯದರಲ್ಲಿ ನಿಂತ ಜಾಗವೇ ಬೇರೆ.

ಮೊದಲು ಪ್ರಾರ್ಥನೆಗೆ ಸಂಬಂಧವಿಲ್ಲದ್ದು

ಜಾಗ ಬದಲಾಯಿಸಿದ ಮಾತ್ರಕ್ಕೆ ನೀರು 6:20ರ ಬದಲು 5ಕ್ಕೆ ಬರುವುದಿಲ್ಲ. "ಪ್ರಾರ್ಥನೆ ಮಾಡಿ, ಎಲ್ಲಾ ಸರಿಹೋಗುತ್ತೆ" ಎಂದು ಕಳಿಸುವುದು ಸೋಮಾರಿತನ. ಕ್ರೈಸ್ತ ನಂಬಿಕೆಯ ಪ್ರಕಾರವೇ ಕೃಪೆ ಸ್ವಭಾವವನ್ನು ಅಳಿಸುವುದಿಲ್ಲ, ಅದರ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ವಾರ ದೇಹದ ಮತ್ತು ಮನೆಯ ರಿಪೇರಿ.

ನಿದ್ದೆ: ರಾತ್ರಿ 11:45ರಿಂದ 5:15, ಅಂದರೆ ಐದೂವರೆ ಗಂಟೆ. ಫೋನನ್ನು ಅಡುಗೆಮನೆಯಲ್ಲೇ ಚಾರ್ಜಿಗೆ ಇಟ್ಟು 10:30ಕ್ಕೆ ಮಲಗುವುದು. ಆಕೆಗೆ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ. ಕಾರಣವಿಲ್ಲದ ಸಿಡುಕಿನ ಹಿಂದೆ ಇವೆರಡೂ ಇರಬಹುದು.

ನೀರು: ಸಂಪಿನ ವಾಲ್ವ್, ಮೋಟರ್ ಗಂಡನಿಗೆ. ಕೊಡ, ಡ್ರಮ್ಮು ಮಗಳಿಗೆ. ಆಕೆ ನೀರಿನ ತಂಟೆಗೇ ಹೋಗುವಂತಿಲ್ಲ. ಇದರಲ್ಲಿ ಎಡವುವುದು ಎಲ್ಲಿ ಎಂದರೆ, ಗಂಡ ಮೋಟರ್ ಆಫ್ ಮಾಡಲು ಮರೆತು ಟ್ಯಾಂಕ್ ತುಂಬಿ ಹರಿದಾಗ ಆಕೆ ಓಡಿಹೋಗಿ ತಾನೇ ಆಫ್ ಮಾಡುವುದು. ಎರಡು ಸಲ ಹರಿಯಲು ಬಿಡಬೇಕು. ಮೂರನೇ ಸಲ ಅವನೇ ಫೋನಿನಲ್ಲಿ ಅಲಾರಂ ಇಟ್ಟುಕೊಂಡ.

ನೀರಿನ ದಿನ ರೊಟ್ಟಿ ಇಲ್ಲ, ಒಗ್ಗರಣೆ ಮಂಡಕ್ಕಿ. ಐದು ಜನಕ್ಕೆ ಸುಮಾರು 300 ಗ್ರಾಂ ಮಂಡಕ್ಕಿ, ಮೂರು ಈರುಳ್ಳಿ, ಐದಾರು ಹಸಿಮೆಣಸಿನಕಾಯಿ, ಮೇಲೆ ಎರಡು ಹಿಡಿ ಹುರಿಗಡಲೆ ಪುಡಿ. ಈರುಳ್ಳಿ ರಾತ್ರಿಯೇ ಹೆಚ್ಚಿಟ್ಟರೆ ಹತ್ತು ನಿಮಿಷದ ಕೆಲಸ. ಮಂಡಕ್ಕಿಯನ್ನು ನೀರಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಮುದ್ದೆಯಾಗುತ್ತದೆ, ಮುದ್ದೆಯಾದರೆ ಮಗ ತಿನ್ನುವುದಿಲ್ಲ, ಅಲ್ಲಿಗೆ ಇನ್ನೊಂದು ಜಗಳ. ಸಾಕ್ಸ್ ಸಂಜೆಯೇ ಒಗೆಯುವ ಬುಟ್ಟಿಗೆ, ಒಗೆದ ಜೋಡಿ ಶೂ ಒಳಗೆ.

ಅತ್ತೆ: ಮರೆವು ಎಂದರೆ ವಯಸ್ಸು ಎಂದು ಕೈಬಿಡುವುದು ದೊಡ್ಡ ತಪ್ಪು. ಬಿ12 ಕೊರತೆ, ಥೈರಾಯ್ಡ್, ಕಿವಿ ಕೇಳದಿರುವುದು ಇವು ಮರೆವನ್ನು ಹೆಚ್ಚಿಸುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಒಂದೆರಡು ದಿನದಲ್ಲಿ ಹಠಾತ್ತನೆ ಗೊಂದಲ ಹೆಚ್ಚಿದರೆ ಮೂತ್ರದ ಸೋಂಕೋ ಸಕ್ಕರೆಯ ಏರುಪೇರೋ ಇರಬಹುದು, ಅಂದೇ ವೈದ್ಯರ ಬಳಿ ಹೋಗಬೇಕು. ಹಿರಿಯರ ಸಹಾಯವಾಣಿ 14567, ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ 14416.

ಇನ್ನು ಆ ಪ್ರಶ್ನೆ. "ಇವತ್ತು ಗುರುವಾರ, ಆಗಲೇ ಹೇಳಿದ್ನಲ್ಲ" ಎಂಬ ಉತ್ತರದಲ್ಲಿ ಮಾಹಿತಿ ಇದೆ, ಆದರೆ ಕೇಳಿದವರಿಗೆ ಬೇಕಾದದ್ದು ಇಲ್ಲ. ಮರೆವಿನವರು ಒಂದೇ ಪ್ರಶ್ನೆ ಕೇಳುವಾಗ ಅದರ ಅಡಿಯಲ್ಲಿ ಒಂದು ಭಯ ಕೂತಿರುವುದುಂಟು. ಎಲ್ಲರೂ ಸ್ನಾನ, ಬಟ್ಟೆ, ಚೀಲ ಎಂದು ಓಡಾಡುವುದನ್ನು ನೋಡಿದ ಆ ಅಜ್ಜಿಗೆ ಅನಿಸುವುದು ಒಂದೇ: ಇವರು ಪೂಜೆಗೆ ಹೊರಟಿದ್ದಾರೆ, ನನ್ನನ್ನು ಬಿಟ್ಟು ಹೋಗುತ್ತಾರೆ. ಆದ್ದರಿಂದ ಉತ್ತರ ವಾರದ ಹೆಸರಲ್ಲ. ಹತ್ತಿರ ಹೋಗಿ, ಭುಜದ ಮೇಲೆ ಕೈಯಿಟ್ಟು, "ನಿಮ್ಮನ್ನ ಬಿಟ್ಟು ಹೋಗಲ್ಲಮ್ಮ." ಕೈಗೆ ಜಪಸರವನ್ನೋ ಸುಲಿಯಲು ಬೆಳ್ಳುಳ್ಳಿಯನ್ನೋ ಕೊಡುವುದು. ಪ್ರಶ್ನೆ ನಿಲ್ಲುವುದಿಲ್ಲ, ಅಂತರ ಹೆಚ್ಚುತ್ತದೆ: ನಾಲ್ಕು ನಿಮಿಷಕ್ಕೊಮ್ಮೆ ಬರುತ್ತಿದ್ದದ್ದು ಹತ್ತು ಹನ್ನೆರಡು ನಿಮಿಷಕ್ಕೆ ಹೋಯಿತು. ಒಳ್ಳೆಯ ದಿನ ಅರ್ಧ ಗಂಟೆ.

ಚುಕ್ಕೆ

ಯೇಸುಸಭೆಯನ್ನು ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸ್ (1491–1556) ಒಂದೇ ಒಂದು ದೋಷವನ್ನು ಹಿಡಿದು ಪರೀಕ್ಷಿಸಿಕೊಳ್ಳುವ ವಿಧಾನವೊಂದನ್ನು ಬಿಟ್ಟುಹೋಗಿದ್ದಾರೆ. ಬೆಳಗ್ಗೆ ಎದ್ದಾಗ ನಿರ್ಧಾರ; ಮಧ್ಯಾಹ್ನ ಊಟದ ಮೇಲೆ ಒಮ್ಮೆ, ರಾತ್ರಿ ಊಟದ ಮೇಲೆ ಒಮ್ಮೆ ಎಣಿಕೆ; ದಿನಕ್ಕೆ ಎರಡು ಗೆರೆ, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕೆ. ಬಿದ್ದ ಕ್ಷಣದಲ್ಲೇ, ಯಾರಿಗೂ ಕಾಣದಂತೆ ಎದೆಯ ಮೇಲೆ ಕೈ. ರಾತ್ರಿಯ ಗೆರೆಯನ್ನು ಮಧ್ಯಾಹ್ನದ್ದಕ್ಕೆ, ಇಂದಿನದನ್ನು ನಿನ್ನೆಯದಕ್ಕೆ, ಈ ವಾರವನ್ನು ಹಿಂದಿನ ವಾರಕ್ಕೆ ಹೋಲಿಸುವುದು.

ಆಕೆ ಇದನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಶುರುಮಾಡಿದಳು. ಯಾವುದಕ್ಕೆ ಚುಕ್ಕೆ ಎಂಬುದು ಖಚಿತವಿರಬೇಕು. ಒಳಗೆ ಸಿಟ್ಟು ಬಂದರೆ ಚುಕ್ಕೆಯಿಲ್ಲ. ಅದು ಬರುತ್ತದೆ, ಬರಲಿ. ದನಿ ಏರಿದರೆ, ವಸ್ತು ಕುಕ್ಕಿದರೆ, ಚುಚ್ಚುಮಾತು ಹೊರಬಿದ್ದರೆ ಚುಕ್ಕೆ. ಮೊದಲ ವಾರ 31. ಎರಡನೇ ವಾರ 34, ಆಗ ಆಕೆ ಹತಾಶಳಾದಳು. ಇದು ಹೀಗೇ ಆಗುವುದು: ಮೊದಲು ಕಾಣದಿದ್ದದ್ದು ಎರಡನೇ ವಾರ ಕಾಣತೊಡಗುತ್ತದೆ. ಚೊಂಬು ಕುಕ್ಕುವುದನ್ನು ಮೊದಲ ವಾರ ಆಕೆ ಎಣಿಸಿಯೇ ಇರಲಿಲ್ಲ. ಮೂರನೇ ವಾರ 19.

ಇದರ ಜೊತೆಗೆ ರಾತ್ರಿ ಒಂದೇ ಒಂದು ಸಾಲು ಬರೆಯುವುದಿತ್ತು. ಮೊದಲು ಕೊಟ್ಟ ಸೂಚನೆ ಕೃತಜ್ಞತೆಯದ್ದು: ಇಂದು ಸಿಕ್ಕ ಒಳ್ಳೆಯದೇನು. ಅದು ಕೆಟ್ಟಿತು. ಮೂರು ದಿನದಲ್ಲಿ "ಆರೋಗ್ಯ, ಮಕ್ಕಳು, ಮನೆ" ಎಂಬ ಶಾಲಾ ಪ್ರಬಂಧವಾಯಿತು. ಪ್ರಶ್ನೆ ಬದಲಿಸಿದೆವು: ಇಂದು ನನ್ನನ್ನು ಯಾರು ತಾಳಿಕೊಂಡರು? ಆಗ ಬಂದ ಸಾಲುಗಳೇ ಬೇರೆ. ಬಿಲ್ಲು ತಪ್ಪು ಹಾಕಿ ಮುದುಕರೊಬ್ಬರನ್ನು ಇಪ್ಪತ್ತು ನಿಮಿಷ ಕೂರಿಸಿದೆ, ಅವರು ನಕ್ಕರು. ಪಕ್ಕದ ಮನೆಯವರು ತಮ್ಮ ಪೈಪು ತೆಗೆದು ನಮ್ಮದಕ್ಕೆ ಬಿಟ್ಟರು. ಮಗಳು ನಾನು ಬೈದದ್ದಕ್ಕೆ ತಿರುಗಿ ಮಾತಾಡಲಿಲ್ಲ. ಮನ್ನಾ ಆದದ್ದು ಖಾತೆಗೆ ಹತ್ತುವುದು ಹೀಗೆ, ಒಂದೊಂದೇ ಸಾಲಾಗಿ.

ಸಹಿಸಲಾಗದ ಕ್ಷಣಕ್ಕೆ ಇನ್ನೊಂದು ಉಪಾಯವನ್ನು ಬಾಲಯೇಸುವಿನ ಸಂತ ತೆರೇಸಮ್ಮನಿಂದ (1873–1897) ತೆಗೆದುಕೊಂಡದ್ದು. ಫ್ರಾನ್ಸಿನ ಲಿಸ್ಯೂವಿನ ಮಠದ ಗುಡಿಯಲ್ಲಿ ಹಿಂದೆ ಕೂರುತ್ತಿದ್ದ ಸಹೋದರಿಯೊಬ್ಬಳು ಧ್ಯಾನದ ಹೊತ್ತಿನಲ್ಲಿ ವಿಚಿತ್ರವಾದ ಸಣ್ಣ ಸದ್ದು ಮಾಡುತ್ತಿದ್ದಳು. ತಿರುಗಿ ಒಂದು ನೋಟ ಎಸೆಯುವ ಆಸೆಯನ್ನು ತಡೆಯುವುದರಲ್ಲಿ ತೆರೇಸಮ್ಮನಿಗೆ ಬೆವರು ಇಳಿಯುತ್ತಿತ್ತಂತೆ. ಕೊನೆಗೆ ಅದನ್ನು ಸಂಗೀತ ಎಂದುಕೊಂಡು ಕೇಳಲು ಕೂತಳು. ಬಟ್ಟೆ ಒಗೆಯುವಲ್ಲಿ ಎದುರಿನವಳು ಮುಖಕ್ಕೆ ಕೊಳೆನೀರು ಎರಚುತ್ತಿದ್ದುದೂ ಉಂಟು. ಈ ಎರಡನ್ನು ಎಲ್ಲರೂ ಬೋಧನೆಯಲ್ಲಿ ಹೇಳುತ್ತಾರೆ. ಮೂರನೆಯದನ್ನು ಬಿಡುತ್ತಾರೆ: ಹೋರಾಟ ಮೀರಿದಾಗ ಆಕೆ ಸೈನ್ಯ ಬಿಟ್ಟೋಡುವ ಸಿಪಾಯಿಯ ಹಾಗೆ ಅಲ್ಲಿಂದ ಓಡಿಹೋಗುತ್ತಿದ್ದಳು, ಅದನ್ನು ಮುಚ್ಚಿಡಲೂ ಇಲ್ಲ. ಓಡುವುದಕ್ಕೂ ಸಂತರ ಅಪ್ಪಣೆ ಇದೆ. ಈ ಮನೆಯಲ್ಲಿ ಓಡುವ ಜಾಗ ಬಚ್ಚಲು. ಬಾಗಿಲು ಹಾಕಿ, ಮುಖಕ್ಕೆ ತಣ್ಣೀರು, ಮೂರು ನಿಧಾನ ಉಸಿರು, ಒಂದು ಸಲ "ನನ್ನನ್ನು ತಾಳಿಕೋ". ಒಲೆ ಸಣ್ಣ ಮಾಡಿ ಹೋಗಬೇಕು ಎಂಬುದನ್ನು ಎರಡನೇ ಸಲ ಹಾಲು ಉಕ್ಕಿದ ಮೇಲೆ ಸೇರಿಸಿದ್ದು.

ಮರೆತವರ ಬಳಿ ಕ್ಷಮೆ

ಎಲ್ಲಕ್ಕಿಂತ ಕಷ್ಟದ್ದು ಇದು. ಅತ್ತೆಗೆ ಬೈದದ್ದೇ ನೆನಪಿಲ್ಲ. "ಬೆಳಗ್ಗೆ ನಿಮಗೆ ಸತ್ತ ಮೇಲೆ ಅಂದೆ, ಕ್ಷಮಿಸಿ" ಎಂದರೆ ಅವರಿಗೆ ಅದು ಆಗಷ್ಟೇ ಬಿದ್ದ ಹೊಡೆತ. ಆಕೆ ಒಮ್ಮೆ ಹಾಗೆ ಹೇಳಿಯೂ ಬಿಟ್ಟಿದ್ದಳು. ಅವರು ಅರ್ಧ ದಿನ ಯಾಕೆಂದು ತಿಳಿಯದೆ ಅತ್ತರು. ಕ್ಷಮೆ ಕೇಳಿ ಹಗುರಾದದ್ದು ಆಕೆ, ಭಾರ ಬಿದ್ದದ್ದು ಅತ್ತೆಗೆ.

ಪ್ರೀತಿ ಕೆಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಪೌಲ ಕೊರಿಂಥದವರಿಗೆ ಬರೆಯುವಾಗ ಬಳಸುವ ಕ್ರಿಯಾಪದ ಲೆಕ್ಕಪತ್ರದ್ದು, ಖಾತೆಗೆ ಹತ್ತಿಸು ಎಂಬುದು. ಹಾಗಾದರೆ ಅತ್ತೆಯ ಮರೆವೇ ಒಂದು ಕ್ಷಮೆಯಲ್ಲವೇ ಎಂದು ಆಕೆ ಕೇಳಿದಳು. ಇದಕ್ಕೆ ಹೌದು ಎನ್ನುವ ಆಸೆ ಯಾರಿಗೂ ಬರುತ್ತದೆ, ಆದರೆ ಅನ್ನಬಾರದು. ಕಾಯಿಲೆಯನ್ನು ಪುಣ್ಯವೆಂದು ಬಣ್ಣಿಸಿದರೆ ನರಳುವವರಿಗೂ ಮೋಸ, ಕ್ಷಮೆಗೂ ಮೋಸ. ಕ್ಷಮಿಸುವವನಿಗೆ ಲೆಕ್ಕ ಗೊತ್ತಿರುತ್ತದೆ, ಗೊತ್ತಿದ್ದು ಹೊಡೆದುಹಾಕುತ್ತಾನೆ.

ಆದ್ದರಿಂದ ಕೆಲಸವನ್ನು ಮೂರು ಕಡೆ ಹಂಚಿದ್ದು. ದೇವರಿಗೆ: ಪಾಪನಿವೇದನೆಯಲ್ಲಿ "ಕೋಪ ಮಾಡಿಕೊಂಡೆ" ಎಂಬ ಮೊಗಮ್ಮಾದ ಮಾತಿನ ಬದಲು ಆಡಿದ ವಾಕ್ಯವನ್ನೇ ಹೇಳುವುದು. ಅತ್ತೆಗೆ: ಮಾತಿಲ್ಲದ ಪರಿಹಾರ. ಸಂಜೆ ಹತ್ತು ನಿಮಿಷ ತಲೆಗೆ ಎಣ್ಣೆ ಹಚ್ಚಿ ಬಾಚುವುದು. ಮಾತು ಮರೆತವರಿಗೂ ಕೈಯ ಹದ ತಿಳಿಯುತ್ತದೆ. ಮೂರನೆಯದು ಕೇಳಿಸಿಕೊಂಡವನಿಗೆ. ನೆನಪು ಉಳಿದದ್ದು ಅವನಲ್ಲಿ. ಮಗನಿಗೆ ಹೇಳಬೇಕಾದ್ದು ಇಷ್ಟೇ: "ನಾನು ಅಜ್ಜಿಗೆ ಅಂದ ಮಾತು ತಪ್ಪು. ನೀನೂ ಅದನ್ನ ಕಲಿಯೋ ಹಾಗೆ ಮಾಡಿದೆ. ಕ್ಷಮಿಸು." ಅದರಲ್ಲಿ 'ಆದರೆ' ಬರಬಾರದು, ನೀರು ಬರಬಾರದು, ಹಾಲು ಬರಬಾರದು. "ನೀನೂ ಹಾಗೆ ಅನ್ನಬಾರದು" ಎಂಬ ಪಾಠವನ್ನು ಅದೇ ಉಸಿರಿನಲ್ಲಿ ಸೇರಿಸಿದರೆ ಕ್ಷಮೆ ಕೆಟ್ಟು ಬುದ್ಧಿವಾದವಾಗುತ್ತದೆ. ಹುಡುಗನಿಂದ "ಪರವಾಗಿಲ್ಲ" ಎಂದು ಹೇಳಿಸಿಕೊಳ್ಳಲೂಬಾರದು. ಅವನು ಕೇಳಿದ್ದು, "ಅಜ್ಜಿಗೆ ನೆನಪೇ ಇಲ್ವಲ್ಲ?" ಆಕೆ ಹೇಳಿದ್ದು, "ನನಗೈತಲ್ಲ."

ಸೂರ್ಯ ಮುಳುಗುವ ಮುನ್ನ ಸಿಟ್ಟು ತೀರಲಿ ಎಂಬ ಎಫೆಸದ ಪತ್ರದ ಮಾತನ್ನು ಗಂಡಹೆಂಡಿರು ಅಕ್ಷರಶಃ ಪಾಲಿಸಲು ಹೋಗಿ ಇನ್ನೊಂದು ತೊಂದರೆ ಮಾಡಿಕೊಂಡಿದ್ದರು. ಮೆಕ್ಕೆಜೋಳದ ಹಂಗಾಮಿನಲ್ಲಿ ಅವನು ಮನೆಗೆ ಬರುವುದು ರಾತ್ರಿ 10ಕ್ಕೆ. ಸೂರ್ಯ 6ಕ್ಕೇ ಮುಳುಗಿರುತ್ತಾನೆ. ಹಸಿದ, ದಣಿದ ಇಬ್ಬರು ರಾತ್ರಿ 11ಕ್ಕೆ ರಾಜಿಗೆ ಕೂತರೆ ಹೊಸ ಜಗಳವೇ ಹುಟ್ಟುವುದು. "ನಾಳೆ ಬೆಳಗ್ಗೆ ಟೀ ಕುಡೀತಾ ಮಾತಾಡೋಣ" ಎಂದು ಹೇಳಿ ಮಲಗಿದರೆ ಆ ವಚನಕ್ಕೆ ಭಂಗವಿಲ್ಲ. ಹೇಳದೆ ಮಗ್ಗುಲು ತಿರುಗಿದರೆ ಇದೆ.

ಕೆಟ್ಟದ್ದು ಎಲ್ಲಿ

ನಾಲ್ಕನೇ ವಾರ ಮಂಡಿಗೆ ಆವಕ ಏರಿತು. ಗಂಡ ಬೆಳಗ್ಗೆ 6ಕ್ಕೇ ಹೊರಟ, ನೀರು ಮತ್ತೆ ಆಕೆಯ ತಲೆಗೆ ಬಂತು, ಚುಕ್ಕೆ 40. ಇದು ಬೀಳುವಿಕೆಯಲ್ಲ, ವ್ಯವಸ್ಥೆಯ ಸೋಲು. ಪಕ್ಕದ ಮನೆಯ ಹುಡುಗನಿಗೆ ತಿಂಗಳಿಗೆ ಇಷ್ಟು ಎಂದು ಕೊಟ್ಟು ಹಂಗಾಮು ಮುಗಿಯುವವರೆಗೆ ಮೋಟರ್ ಒಪ್ಪಿಸಬೇಕಾಯಿತು.

ನಿಜವಾದ ಬೀಳುವಿಕೆ ಅತಿ ಕಡಿಮೆ, 19 ಚುಕ್ಕೆ ಬಿದ್ದ ಮೂರನೇ ವಾರದಲ್ಲೇ ಆಗಿತ್ತು. ಆಕೆ ಗಂಡನಿಗೆ ಕ್ಯಾಲೆಂಡರ್ ತೋರಿಸಿ, "ನೋಡು, ನಾನು ಇವತ್ತು ಒಂದು ಸಲನೂ ಕೂಗಿಲ್ಲ. ನೀನು?" ಅಂದಳು. ಅವನು ತಿರುಗಿ ಒಂದು ಮಾತು ಆಡಿದ, ಆ ರಾತ್ರಿ ಊಟವಿಲ್ಲ. ಚುಕ್ಕೆ ಹೊಸ ಸಾಲದ ಪತ್ರವಾಗಿತ್ತು: ಹಳೆಯ ಬಾಕಿ ಹೊಡೆದುಹಾಕಿ, ತಾಳಿಕೊಂಡದ್ದರ ಬಡ್ಡಿ ಹಾಕಲು ಹೊರಟಿದ್ದಳು. ಐದನೇ ವಾರ ಎಣಿಕೆಯನ್ನೇ ನಿಲ್ಲಿಸಿ, ರಾತ್ರಿಯ ಒಂದು ಸಾಲು ಮಾತ್ರ ಇಟ್ಟುಕೊಂಡದ್ದು ಅದಕ್ಕೇ. ಕೆಲವರಿಗೆ ಈ ಎಣಿಕೆ ಇನ್ನೊಂದು ಬದಿಗೂ ಎಳೆಯುತ್ತದೆ. ಪ್ರತಿ ಚುಕ್ಕೆಯೂ ಪಾಪದ ಭೀತಿಯಾಗಿ ನಿದ್ದೆ ಕೆಡಿಸಿದರೆ ಕೂಡಲೇ ಬಿಡಬೇಕು.

ಗೆರೆಯೊಂದನ್ನು ಇಲ್ಲೇ ಎಳೆಯುವುದು ಒಳ್ಳೆಯದು. ಇದೆಲ್ಲ ಸಿಡುಕಿನ ಮನೆಗೆ ಹೇಳಿದ್ದು, ಹೊಡೆತದ ಮನೆಗಲ್ಲ. ಕೈ ಎತ್ತುವ ಗಂಡನಿಗೆ ಎದುರಾಗಿ ದೀರ್ಘಶಾಂತಿ ಬೋಧಿಸುವವರು ಸುವಾರ್ತೆಯನ್ನು ತಪ್ಪಾಗಿ ಓದುತ್ತಿದ್ದಾರೆ. ಅಲ್ಲಿ ಬೇಕಾದದ್ದು ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಭಾನುವಾರ

ಆರನೇ ವಾರ ಚುಕ್ಕೆ ಮತ್ತೆ ಶುರುವಾಗಿ 22ಕ್ಕೆ ನಿಂತಿತು, ಅದರಲ್ಲಿ ಅತ್ತೆಯ ಪಾಲು 5. ಮೊದಲ ವಾರ 18 ಇತ್ತು. ಆದರೆ ವಾರಗಳನ್ನು ಅಡ್ಡಡ್ಡ ಓದಿದಾಗ ಯಾರೂ ಎಣಿಸದ ಸಂಗತಿ ಕಂಡಿತು. ಅತಿ ಹೆಚ್ಚು ಚುಕ್ಕೆ ಬೀಳುತ್ತಿದ್ದದ್ದು ನೀರಿನ ದಿನವಲ್ಲ, ಭಾನುವಾರ ಬೆಳಗ್ಗೆ 6ರಿಂದ 8ರ ನಡುವೆ, ಬಲಿಪೂಜೆಗೆ ಹೊರಡುವ ಮುನ್ನ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲರೂ ಹಸಿದಿದ್ದರು. ಪರಮಪ್ರಸಾದಕ್ಕೆ (ಬಲಿಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಗೆ) ಮುಂಚೆ ಮಧ್ಯರಾತ್ರಿಯಿಂದ ಏನೂ ಮುಟ್ಟಬಾರದು ಎಂಬ ಕಟ್ಟಳೆಯಲ್ಲಿ ಈ ಮನೆ ನಡೆಯುತ್ತಿತ್ತು, ಅತ್ತೆ ಬಾಲ್ಯದಲ್ಲಿ ಕಲಿತದ್ದು ಅದನ್ನೇ. ಆ ಉಪವಾಸ 1957ರಲ್ಲಿ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ನೀರು, ಔಷಧಿಗೆ ತಡೆಯಿಲ್ಲ. ಧರ್ಮಸಭೆಯ ಕಾನೂನಿನ 919ನೇ ವಿಧಿ ವೃದ್ಧರು ಮತ್ತು ರೋಗಿಗಳಿಗೆ ಆ ಒಂದು ಗಂಟೆಯ ನಿಯಮವನ್ನೂ ಸಡಿಲಿಸುತ್ತದೆ, ಅವರ ಆರೈಕೆ ಮಾಡುವವರಿಗೂ. ಅಂದರೆ ಸಕ್ಕರೆ ಕಾಯಿಲೆಯ ಅತ್ತೆಯೂ ಅವರನ್ನು ನೋಡಿಕೊಳ್ಳುವ ಸೊಸೆಯೂ ಯಾರೂ ಕೇಳದ ಉಪವಾಸ ಹಿಡಿದು, ಆ ಹಸಿವಿನಲ್ಲಿ ಪರಸ್ಪರ ಹರಿದು, ಕೃಪೆಯನ್ನು ಪಡೆಯಲು ಚರ್ಚಿಗೆ ಹೋಗುತ್ತಿದ್ದರು.

ಈಗ ಭಾನುವಾರ 6:30ಕ್ಕೆ ಅತ್ತೆಗೆ ಎರಡು ಇಡ್ಲಿ, ಮಾತ್ರೆ. ಉಳಿದವರಿಗೆ ಟೀ, ಬನ್ನು. 1248ನೇ ವಿಧಿಯ ಪ್ರಕಾರ ಶನಿವಾರ ಸಂಜೆಯ ಪೂಜೆಯೂ ಭಾನುವಾರದ್ದಕ್ಕೆ ಸಲ್ಲುತ್ತದೆ, ಹಾಗಾಗಿ ತಿಂಗಳಲ್ಲಿ ಎರಡು ವಾರ ಆಕೆ ಮಗಳ ಜೊತೆ ಶನಿವಾರವೇ ಹೋಗಿ ಬರುತ್ತಾಳೆ. ಆ ಎರಡು ಭಾನುವಾರ ತಾಯಿಯನ್ನು ಆಟೋದಲ್ಲಿ ಕರೆದೊಯ್ಯುವುದು ಗಂಡನ ಕೆಲಸ, ಮಗನೂ ಜೊತೆಗೆ. ನರರೋಗ ತಜ್ಞರ ಭೇಟಿ ಇನ್ನೂ ಆಗಿಲ್ಲ, ಹಂಗಾಮು ಮುಗಿಯಲಿ ಎಂದು ಗಂಡ ಮುಂದೂಡುತ್ತಿದ್ದಾನೆ. ಆ ಬಾಕಿ ಹಾಗೇ ಇದೆ. ಆಟೋ ಬರುವವರೆಗೆ ಮಗ ಅಜ್ಜಿಯ ಚಪ್ಪಲಿ ಹುಡುಕುತ್ತಾನೆ. ಅವರು ಎಂದಿನಂತೆ ಕೇಳುತ್ತಾರೆ, ಇವತ್ತು ಐತವಾರನಾ, ಪೂಜೆಗೆ ಹೊತ್ತಾತೇನು ಎಂದು.

"ಹೂಂ ಅಜ್ಜಿ," ಅನ್ನುತ್ತಾನೆ ಅವನು, "ಇವತ್ತು ಹೌದು."